ದಕ್ಕೆಯಿಂದ ಶುರು ಮಾಡಿ

ಕೇಳುಗರೇ, ನಮಸ್ಕಾರ.

ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿ, ಶಿರಾಡಿ ಘಾಟಿಯ ತಿರುವುಗಳಲ್ಲಿ ಆ ಕಡೆ ಈ ಕಡೆ ಉರುಳಾಡಿ, ಬೆಳಿಗ್ಗೆ ಆರಕ್ಕೆ ಮಂಗಳೂರಿನಲ್ಲಿ ಕಣ್ಣುಜ್ಜುತ್ತಾ ಇಳಿದವರು ಮೊದಲು ಕೇಳುವುದು ಒಂದೇ. ಸಮುದ್ರ ಎಲ್ಲಿ? ನಾನೂ ಕೇಳಿದ್ದೆ. ಆಟೋದವರು ನಕ್ಕುಬಿಟ್ಟರು. ಯಾಕೆ ಅಂದರೆ ಈ ಊರಿನ ಹಳೆ ಬಂದರು ಇರುವುದು ಕಡಲಿನ ದಡದಲ್ಲಲ್ಲ, ಹೊಳೆಯ ದಡದಲ್ಲಿ. ಒಂದು ಕಡೆಯಿಂದ ಫಲ್ಗುಣಿ, ಅಂದರೆ ಗುರುಪುರ ಹೊಳೆ, ಇನ್ನೊಂದು ಕಡೆಯಿಂದ ನೇತ್ರಾವತಿ, ಎರಡೂ ಅಳಿವೆ ಬಾಗಿಲಲ್ಲಿ ಕೂಡಿ ಸಮುದ್ರಕ್ಕೆ ಬೀಳುತ್ತವೆ. ಊರಿಗೂ ಸಮುದ್ರಕ್ಕೂ ನಡುವೆ ಬೆಂಗ್ರೆ ಅನ್ನುವ ಉದ್ದನೆಯ ಮರಳಿನ ಪಟ್ಟಿ ಅಡ್ಡ ಮಲಗಿದೆ. ದೊಡ್ಡ ಹಡಗುಗಳು ಬರುವ ಬಂದರು ಬೇರೆಯೇ, ಅದು ಪಣಂಬೂರಿನಲ್ಲಿದೆ. ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ್ದು 1974ರಲ್ಲಿ. ಒಂದು ದಿನಕ್ಕೆ ಬಂದವರಿಗೆ ನನ್ನ ಮಾತು ಇಷ್ಟೇ, ಬೀಚನ್ನು ಸಂಜೆಗೆ ಇಟ್ಟುಕೊಳ್ಳಿ, ಬೆಳಿಗ್ಗೆ ನೇರ ದಕ್ಕೆಗೆ ಹೋಗಿ.

ದಕ್ಕೆ ಅಂದರೆ ಮೀನುಗಾರಿಕೆ ಬಂದರು. ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಆಚೆ ಬೋಟಿನವರು ಈಚೆ ಬೋಟನ್ನು ದಾಟಿಕೊಂಡೇ ದಡಕ್ಕೆ ಬರಬೇಕು. ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ, ಅಂಜಲ್, ಕಾಣೆ, ಸಿಗಡಿ ಇಳಿಯುತ್ತದೆ, ಐಸ್ ಪುಡಿ ಮಾಡುವ ಯಂತ್ರ ಗರಗರ ಅನ್ನುತ್ತದೆ, ಅದರ ನಡುವೆ ಏಲಂ ಕೂಗುವವರು, ರೇಟು ಸರಿಯಿಲ್ಲ ಅಂತ ಅವರಿಗಿಂತ ಜೋರಾಗಿ ಕೂಗುವ ಮೀನು ಮಾರುವ ಹೆಂಗಸರು. ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡ ಎಲ್ಲ ಒಟ್ಟಿಗೆ ಕಿವಿಗೆ ಬೀಳುತ್ತದೆ. ಈ ಊರಿಗೆ ಹೆಸರೂ ಹಾಗೇ ಅಲ್ವಾ, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ. ಒಂದು ಎಚ್ಚರಿಕೆ, ಒಳ್ಳೆ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ನಾನು ಹೋಗಿ, ಆಮೇಲೆ ಮೂರು ದಿನ ಆ ಚಪ್ಪಲಿಯನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

ಅಲ್ಲೇ ಹತ್ತಿರ ಬಂದರಿನ ಬೀದಿಗಳಿವೆ. ಒಣಮೆಣಸು, ಅಡಿಕೆ, ಒಣಮೀನು, ಹಗ್ಗ, ಎಲ್ಲದರ ವಾಸನೆ ಕಲಸಿಕೊಂಡ ಗೋದಾಮುಗಳು, ಮೇಲೆ ಕೆಂಪು ಹಂಚು. ಆ ಹಂಚು ಹುಟ್ಟಿದ್ದೂ ಈ ಊರಿನಲ್ಲೇ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಹೊಳೆಯ ಜೇಡಿ ಮಣ್ಣು ಇತ್ತು, ಸುಡಲು ಸೌದೆ ಇತ್ತು, ಸಾಗಿಸಲು ಹೊಳೆಯೇ ದಾರಿ. ಅದೇ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಇಲ್ಲಿಂದಲೇ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಡಿಸಿದ್ದು. ದಡದಲ್ಲಿ ಮಂಜಿಗಳು ಕಂಡರೆ ಸ್ವಲ್ಪ ನಿಲ್ಲಿ. ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು, ಕಲ್ಲು ಹೊತ್ತು ಹೋಗುವ ಹಡಗುಗಳು ಅವು. ತಲೆಯ ಮೇಲೆ ಮೂಟೆ ಹೊತ್ತು ಹಲಗೆಯ ಮೇಲೆ ನಡೆದು ಹೋಗುವ ಹಮಾಲರನ್ನು ನೋಡುತ್ತಾ ಅರ್ಧ ಗಂಟೆ ಹೋಗಿದ್ದೇ ತಿಳಿಯುವುದಿಲ್ಲ.

ಹಸಿವಾಯಿತಾ? ತಿಂಡಿಗೆ ಬನ್ಸ್. ಬೇಕರಿಯ ಬನ್ನು ಅಲ್ಲ. ಕಳಿತ ಬಾಳೆಹಣ್ಣು ಮಸೆದು, ಮೈದಾ ಮೊಸರು ಹಾಕಿ ಕಲಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಎಣ್ಣೆಯಲ್ಲಿ ಉಬ್ಬಿಸಿದ್ದು. ಇಲ್ಲದಿದ್ದರೆ ನೀರುದೋಸೆ, ಜೊತೆಗೆ ಕಾಯಿ ಬೆಲ್ಲ. ಜಾಸ್ತಿ ತಿನ್ನಬೇಡಿ, ಮಧ್ಯಾಹ್ನ ಮುಂದಿದೆ.

ಆ ನಡುವಿನ ಹೊತ್ತಿಗೆ ಬಾವುಟಗುಡ್ಡೆ ಹತ್ತಿ, ಸಂತ ಅಲೋಶಿಯಸ್ ಚಾಪೆಲ್ ನೋಡಿ. ಇಟಲಿಯ ಅಂತೋನಿಯೋ ಮೊಸ್ಕೇನಿ ಅನ್ನುವ ಜೆಸ್ವಿಟ್ ಬ್ರದರ್ ನೂರಿಪ್ಪತ್ತು ವರ್ಷಕ್ಕೂ ಹಿಂದೆ ಗೋಡೆ, ಚಾವಣಿ ಒಂದನ್ನೂ ಬಿಡದೆ ಚಿತ್ರ ಬರೆದಿದ್ದಾರೆ. ಕುತ್ತಿಗೆ ನೋಯುವ ತನಕ ಮೇಲೆ ನೋಡಬಹುದು. ಕದ್ರಿ ದೇವಸ್ಥಾನಕ್ಕೆ ಹೋಗುವಷ್ಟು ಸಮಯವಿದ್ದರೆ ಲೋಕೇಶ್ವರನ ಕಂಚಿನ ವಿಗ್ರಹ ನೋಡದೆ ಬರಬೇಡಿ, ಕ್ರಿ.ಶ. 968ರದ್ದು ಅದು. ದಾರಿ ತಪ್ಪಿದರೆ ‘ಸ್ಟೇಟ್‌ಬ್ಯಾಂಕ್’ ಅನ್ನಿ ಸಾಕು, ಯಾರೂ ನಿಮ್ಮನ್ನು ಬ್ಯಾಂಕಿಗೆ ಕಳಿಸುವುದಿಲ್ಲ. ಇಲ್ಲಿ ಅದು ಸಿಟಿ ಬಸ್ ಸ್ಟ್ಯಾಂಡಿನ ಹೆಸರು.

ಊಟಕ್ಕೆ ಹನ್ನೆರಡೂವರೆಗೇ ಕೂತುಬಿಡಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಾನು ಊರೆಲ್ಲ ಸುತ್ತಿ ಮೂರು ಗಂಟೆಗೆ ಒಂದು ಮೀನೂಟದ ಹೋಟೆಲಿಗೆ ಹೋದೆ. ಅನ್ನ ಇತ್ತು, ಸಾರು ಇತ್ತು, ಮೀನು ಮಾತ್ರ ಖಾಲಿ. ಹೊತ್ತಿಗೆ ಸರಿಯಾಗಿ ಹೋದರೆ ಕುಚ್ಚಲಕ್ಕಿ ಅನ್ನ, ಮೀನಿನ ಗಸಿ, ಪಕ್ಕದಲ್ಲಿ ತಟ್ಟೆ ತುಂಬ ಹಸಿ ಮಸಾಲೆ ಸವರಿದ ಮೀನು ತೋರಿಸಿ, ಯಾವುದು ಅಂತ ಕೇಳುತ್ತಾರೆ. ಮುಳ್ಳು ಬಿಡಿಸಲು ಬಾರದವರು ಅಂಜಲ್ ತವಾ ಫ್ರೈ ಹೇಳಲಿ. ನನಗೆ ಕೇಳಿದರೆ ರವೆ ಹಚ್ಚಿ ಹುರಿದ ಕಾಣೆ. ಸಾರಿಗೆ ಬಂಗುಡೆ ಪುಳಿಮುಂಚಿಯೇ ಸೈ. ಪುಳಿ ಅಂದರೆ ಹುಳಿ, ಮುಂಚಿ ಅಂದರೆ ಮೆಣಸು, ಹೆಸರಲ್ಲೇ ರುಚಿ ಹೇಳಿಬಿಟ್ಟಿದ್ದಾರೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ರಜೆ, ಮೀನು ಮೊಟ್ಟೆ ಇಡುವ ಕಾಲ. ಆಗ ಬಂದರೆ ದಕ್ಕೆ ಬಿಕೋ ಅನ್ನುತ್ತದೆ. ಆದರೆ ಆಟಿ ಅನ್ನುವ ತುಳುವರ ಮಳೆಗಾಲದ ತಿಂಗಳಿನಲ್ಲಿ ಕೆಸುವಿನ ಎಲೆಯ ಪತ್ರೊಡೆ ಸಿಗುತ್ತದೆ, ಮೀನು ತಿನ್ನದವರಿಗಂತೂ ಅದೇ ಹಬ್ಬ.

ನಾಲ್ಕರ ಮೇಲೆ ಗೋಳಿಬಜೆ, ಚಾ. ಮುಗಿಸಿಕೊಂಡು ಸುಲ್ತಾನ್ ಬತ್ತೇರಿಗೆ. ಟಿಪ್ಪು ಕಾಲದ ಕಪ್ಪು ಕಲ್ಲಿನ ಕಾವಲು ಬುರುಜು, ಚಿಕ್ಕದು, ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ಅದಲ್ಲ ವಿಷಯ. ಅದರ ಕೆಳಗೇ ತಣ್ಣೀರುಬಾವಿಗೆ ಹೋಗುವ ದೋಣಿ ನಿಂತಿರುತ್ತದೆ. ಮಳೆ ಜೋರಿದ್ದಾಗ ಬಿಟ್ಟರೆ ಉಳಿದ ದಿನ ಸಿಗುತ್ತದೆ, ಚಿಲ್ಲರೆ ಕಾಸಿನ ಪಯಣ. ಹೊಳೆ ದಾಟಿ, ಗಾಳಿಮರಗಳ ನಡುವೆ ಸ್ವಲ್ಪ ನಡೆದರೆ ಆಯಿತು, ಬೆಳಿಗ್ಗೆ ಆಟೋದವರನ್ನು ಕೇಳಿದ ಸಮುದ್ರ ಎದುರಿಗೇ. ನೀರಿಗೆ ಕಾಲು ಸಾಕು, ಸೊಂಟ ಬೇಡ, ಇಲ್ಲಿಯ ಅಲೆಗೆ ಎಳೆತ ಜಾಸ್ತಿ. ಕೊನೆಯ ದೋಣಿ ಎಷ್ಟಕ್ಕೆ ಅಂತ ಹೋಗುವಾಗಲೇ ಕೇಳಿಕೊಳ್ಳಿ.

ರಾತ್ರಿ ಬಸ್ಸಿಗೆ ಮುಂಚೆ ಒಂದು ಗಡ್‌ಬಡ್. ಉದ್ದ ಗ್ಲಾಸಿನಲ್ಲಿ ಐಸ್‌ಕ್ರೀಮು, ಜೆಲ್ಲಿ, ಹಣ್ಣು, ಗೋಡಂಬಿ. ಇದು ನಮ್ಮದು ಅಂತ ಉಡುಪಿಯವರು ಜಗಳಕ್ಕೆ ಬರುತ್ತಾರೆ, ನಾನು ಆ ಗಲಾಟೆಗೆ ಇಲ್ಲ. ಮನೆಗೆ ಏನಾದರೂ ಒಯ್ಯಬೇಕಲ್ಲ, ಕೋರಿ ರೊಟ್ಟಿಯ ಒಂದು ಪ್ಯಾಕೆಟ್ ತೆಗೆದುಕೊಳ್ಳಿ. ಹಪ್ಪಳದ ಹಾಗೆ ಗರಿಗರಿ ಅಕ್ಕಿ ರೊಟ್ಟಿ ಅದು. ಘಾಟಿಯಲ್ಲಿ ಬಸ್ಸು ಕುಲುಕಿ ಪುಡಿಯಾದರೂ ಬೇಜಾರು ಬೇಡ, ಕೋಳಿ ಸಾರು ಸುರಿಯುವ ಮೊದಲು ಹೇಗೂ ಮುರಿಯಲೇಬೇಕು.

ನಮಸ್ಕಾರ.