ಅಡಿಕೆ ತೋಟದ ಕೆಂಗಣ್ಣಿನ ಚಿಟ್ಟೆ

ಕೇಳುಗರೆಲ್ಲರಿಗೂ ನಮಸ್ಕಾರ. ಅಡಿಕೆ, ತೆಂಗು ಬೆಳೆಯುವವರು ಇವತ್ತು ಸ್ವಲ್ಪ ಕಿವಿಗೊಟ್ಟು ಕೇಳಬೇಕು. ನಿಮ್ಮ ತೋಟದಲ್ಲೇ ಇರುವ, ಆದರೆ ನಿಮ್ಮಲ್ಲಿ ಬಹಳ ಜನ ಚಿಟ್ಟೆ ಅಂತಲೇ ಒಪ್ಪದ ಒಂದು ಚಿಟ್ಟೆಯ ವಿಷಯ ಇದು. ಇಂಗ್ಲಿಷಿನಲ್ಲಿ ಇದಕ್ಕೆ ಜಯಂಟ್ ರೆಡ್ ಐ ಅನ್ನುತ್ತಾರೆ. ಸ್ಕಿಪ್ಪರ್ ಗುಂಪಿಗೆ ಸೇರಿದ್ದು. ಈ ಗುಂಪಿನಲ್ಲಿ ನಮ್ಮ ದೇಶದಲ್ಲಿ 300ಕ್ಕೂ ಹೆಚ್ಚು ಜಾತಿಗಳಿವೆ. ಬಹುಪಾಲು ಪುಟಾಣಿಗಳು. ಇದು ಹಾಗಲ್ಲ, ದೊಡ್ಡದು, ರೆಕ್ಕೆ ಬಿಚ್ಚಿದರೆ 7 ಸೆಂಟಿಮೀಟರ್ ದಾಟುತ್ತದೆ.

ಮೈ ದಪ್ಪ, ರೆಕ್ಕೆ ಗಾಢ ಕಂದು. ಮುಂದಿನ ರೆಕ್ಕೆಯ ಮೇಲೆ ತಿಳಿ ಹಳದಿ ಮಚ್ಚೆಗಳಿವೆ, ಅವುಗಳ ಮೂಲಕ ಬೆಳಕು ಹಾಯುತ್ತದೆ. ಕಣ್ಣು ಕಡುಕೆಂಪು. ಹಗಲೆಲ್ಲ ನೆರಳಲ್ಲಿ ಕೂತಿದ್ದು, ಮುಸ್ಸಂಜೆಗೆ ಸರ್ರನೆ ಹಾರಾಡುತ್ತದೆ. ಕೆಲವೊಮ್ಮೆ ಜಗಲಿಯ ದೀಪಕ್ಕೂ ಬರುತ್ತದೆ. ಅದಕ್ಕೇ ಎಲ್ಲರೂ ಪತಂಗ ಅಂದುಬಿಡುತ್ತಾರೆ. ಪತಂಗ ಅಲ್ಲ, ಚಿಟ್ಟೆ! ಮೀಸೆಯನ್ನು ನೋಡಿ. ತುದಿ ದಪ್ಪಗಾಗಿ ಕೊಕ್ಕೆಯ ಹಾಗೆ ಬಾಗಿದ್ದರೆ ಅದು ಸ್ಕಿಪ್ಪರ್.

ಮಲೆನಾಡಿನ ಒಬ್ಬ ಬೆಳೆಗಾರರು ಒಂದು ಬೆಳಗ್ಗೆ ಫೋನ್ ಮಾಡಿದರು. "ಸಾರ್, ಅಡಿಕೆ ಸಸಿಗೆ ಬೂಷ್ಟು ಹತ್ತಿದೆ. ಯಾವ ಔಷಧಿ ಅಂತ ಹೇಳಿ, ಹೊಡೆದುಬಿಡ್ತೀನಿ" ಅಂದರು. ತಡೀರಿ, ನಾನೇ ಬರ್ತೀನಿ ಅಂದೆ. ಹೋಗಿ ನೋಡಿದರೆ ಸ್ಪ್ರೇಯರ್ ಆಗಲೇ ತುಂಬಿಟ್ಟಿದ್ದರು. ಸಸಿಯ ಒಂದು ಗರಿಯ ಅಂಚು ಸುತ್ತಿಕೊಂಡು ಕೊಳವೆಯಾಗಿತ್ತು. ನೂಲಿನಲ್ಲಿ ಹೊಲಿದ ಹಾಗೆ ಬಿಗಿ. ಮೆಲ್ಲಗೆ ಬಿಡಿಸಿದೆ. ಒಳಗೆ ಬೆರಳುದ್ದದ ಹುಳ, ಮೈತುಂಬ ಉದ್ದನೆಯ ಬಿಳಿ ಎಳೆಗಳು.

ಅವರ ತಾಯಿ ಓಡಿ ಬಂದರು. "ಮುಟ್ಟಬೇಡಿ ಸಾರ್, ಕಂಬಳಿಹುಳ, ತುರಿಸುತ್ತೆ!" ಅಂದರು. ನಾನು ಕೈಮೇಲೆ ಬಿಟ್ಟುಕೊಂಡೆ. ಆ ಎಳೆ ಕೂದಲಲ್ಲ, ಮೇಣ. ಬೆರಳಿಗೆ ಅಂಟಿತು, ಉಜ್ಜಿದರೆ ಪುಡಿಯಾಯಿತು. ಎಳೆ ಉದುರಿದ ಕಡೆ ಕೆಂಪಗಿನ ಮೈ ಕಂಡಿತು. ತುರಿಕೆ ಇಲ್ಲ, ಏನಿಲ್ಲ. ಅಮ್ಮ ನನ್ನ ಕೈಯನ್ನೇ ನೋಡುತ್ತಾ ನಿಂತರು. ಕೊನೆಗೆ ಅವರೂ ಬೆರಳು ಚಾಚಿದರು.

ಆ ಗರಿಯನ್ನು ಕತ್ತರಿಸಿ, ಬುಟ್ಟಿಯಲ್ಲಿಟ್ಟು, ತೆಳು ಬಟ್ಟೆ ಕಟ್ಟಿ ಕೊಟ್ಟೆ. ದಿನಾ ತಾಜಾ ಗರಿ ಹಾಕಿ ಅಂದೆ. ಹಾಕಿದ್ದು ಅಮ್ಮನೇ. ಹುಳ ಕೋಶವಾಯಿತು. ಅದರ ಮೇಲೂ ಬಿಳಿ ಪುಡಿ. ತಾಗಿಸಿದರೆ ಗಡಗಡ ಅಲುಗಾಡುತ್ತದೆ ಅಂತ ಫೋನಿನಲ್ಲಿ ವರದಿ ಬೇರೆ! ಆಮೇಲೆ ಒಂದು ದಿನ ಮತ್ತೆ ಫೋನ್ ಬಂತು. "ಸಾರ್, ಹೊರಗೆ ಬಂತು. ಕಣ್ಣು ಕೆಂಡದ ಬಣ್ಣ. ಅಮ್ಮ ಯಾರಿಗೂ ಹತ್ತಿರ ಹೋಗೋಕೆ ಬಿಡ್ತಿಲ್ಲ."

ಸಮಯ ಓಡುತ್ತಿದೆ, ಎಲ್ಲೆಲ್ಲಿದೆ ಅಂತ ಬೇಗ ಹೇಳಿಬಿಡ್ತೀನಿ. ಪಶ್ಚಿಮ ಘಟ್ಟದ ಉದ್ದಕ್ಕೂ ಇದೆ. ಕೊಡಗು, ಮಲೆನಾಡು, ಕರಾವಳಿಯವರು ಹುಡುಕಿದರೆ ಸಿಗುತ್ತದೆ. ಶ್ರೀಲಂಕಾ, ಈಶಾನ್ಯ ಭಾರತ, ಮ್ಯಾನ್ಮಾರ್, ಅಲ್ಲಿಂದ ಮಲೇಷ್ಯಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್‌ವರೆಗೂ ಹರಡಿದೆ. ಅಡಿಕೆ, ತೆಂಗು, ಬಗನಿ, ಬೆತ್ತ ಇದ್ದ ಕಡೆ ಹುಳಕ್ಕೆ ಊಟ ಸಿಕ್ಕಂತೆ. ಕುಂಡದಲ್ಲಿಟ್ಟ ಅಲಂಕಾರದ ಪಾಮ್ ಗಿಡವನ್ನೂ ಬಿಡುವುದಿಲ್ಲ.

ನಷ್ಟ ಆಗಲ್ವಾ ಅಂತ ಕೇಳ್ತೀರಿ. ದೊಡ್ಡ ಮರಕ್ಕೆ ಒಂದೆರಡು ಗರಿ ಹೋದರೆ ಏನೂ ಆಗಲ್ಲ. ಹುಳದ ಮೇಲೇ ಬದುಕುವ ಸಣ್ಣ ಕಣಜಗಳು ತೋಟದಲ್ಲೇ ಇರುತ್ತವೆ, ನೀವು ವಿಷ ಹೊಡೆದರೆ ಮೊದಲು ಸಾಯುವುದು ಅವೇ. ಎಳೆ ಸಸಿಗೆ ಜಾಸ್ತಿ ಹತ್ತಿದ್ದರೆ ಸುತ್ತಿದ ಗರಿಯನ್ನು ಕೈಯಲ್ಲೇ ಬಿಡಿಸಿ, ಹುಳವನ್ನು ದೊಡ್ಡ ಮರಕ್ಕೆ ಬಿಡಿ. ಸ್ಪ್ರೇಯರ್ ಮಾತ್ರ ಮುಟ್ಟಬೇಡಿ. ನಮಸ್ಕಾರ.