ನಕ್ಷೆ ಪೆನ್ಸಿಲಿನಲ್ಲಿರುವಾಗ

ಕೇಳುಗರೆಲ್ಲರಿಗೂ ನಮಸ್ಕಾರ. ಊರಿನ ಹಳೆಯ ಮಾರುಕಟ್ಟೆಯನ್ನೋ ಬಸ್ ನಿಲ್ದಾಣವನ್ನೋ ಕೆಡವಿ ಹೊಸದಾಗಿ ಕಟ್ಟಲು ಹೊರಟಾಗ ಆ ಯೋಜನೆಯಲ್ಲಿ ಊರಿನವರು ಹೇಗೆ ಪಾಲ್ಗೊಳ್ಳಬೇಕು ಎಂಬುದನ್ನು ಕುರಿತು ಮಾತನಾಡಲು ನಿಲಯದವರು ನನ್ನನ್ನು ಕರೆದಿದ್ದಾರೆ. ನಗರ ಯೋಜನೆಯ ಕೆಲಸದಲ್ಲಿ ಮೂವತ್ತೆರಡು ವರ್ಷ ಕಳೆದು ನಿವೃತ್ತಳಾಗಿರುವ ನನಗೆ ಇದರಲ್ಲಿ ಹೇಳಲು ಇರುವುದು ಒಂದೇ ಮಾತು. ಅಡುಗೆಮನೆಯಲ್ಲಿ ರೇಡಿಯೊ ಇಟ್ಟುಕೊಂಡು ಕೇಳುತ್ತಿರುವವರು ಹಾಲು ಉಕ್ಕಿತೆಂದು ನಡುವೆ ಎದ್ದು ಹೋದರೂ ಅದೊಂದು ಕಿವಿಯಲ್ಲಿ ಉಳಿಯಲಿ ಎಂದು ಮೊದಲೇ ಹೇಳಿಬಿಡುತ್ತೇನೆ. ನಕ್ಷೆ ಪೆನ್ಸಿಲಿನಲ್ಲಿರುವಾಗಲೇ ಹೋಗಿ ಮಾತನಾಡಿ. ಟೆಂಡರ್ ಕರೆದ ಮೇಲೆ ಅಲ್ಲ, ಜೆಸಿಬಿ ಬಂದು ನಿಂತ ಮೇಲಂತೂ ಅಲ್ಲವೇ ಅಲ್ಲ.

ಈಗ ನಕ್ಷೆಗಳೆಲ್ಲ ಕಂಪ್ಯೂಟರಿನಲ್ಲಿ ತಯಾರಾಗುತ್ತವೆ, ಪೆನ್ಸಿಲ್ ಎಲ್ಲಿದೆ ಎಂದು ಕಿರಿಯ ಎಂಜಿನಿಯರುಗಳು ನಗಬಹುದು. ಒಂದು ಗೆರೆಯನ್ನು ಕಾಸಿನ ಖರ್ಚಿಲ್ಲದೆ ಅಳಿಸಬಹುದಾದ ಕಾಲವನ್ನು ನಾನು ಪೆನ್ಸಿಲ್ ಎಂದು ಕರೆಯುತ್ತಿದ್ದೇನೆ. ಅಂಥ ಕಾಲ ಪ್ರತಿಯೊಂದು ಯೋಜನೆಗೂ ಇರುತ್ತದೆ, ಆದರೆ ಬಹಳ ದಿನ ಇರುವುದಿಲ್ಲ.

ಒಂದು ಘಟನೆ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಹೂವು ತರಕಾರಿಗಳ ಹಳೆಯ ಮಾರುಕಟ್ಟೆಯನ್ನು ಕೆಡವಿ, ಅದೇ ಜಾಗದಲ್ಲಿ ಎರಡು ಅಂತಸ್ತಿನ ವಾಣಿಜ್ಯ ಸಂಕೀರ್ಣವನ್ನು ಕಟ್ಟಬೇಕೆಂದು ತೀರ್ಮಾನವಾಯಿತು. ಊರಿನ ಹೆಸರು ಬೇಡ, ಏಕೆಂದರೆ ತಪ್ಪು ಊರಿನದಲ್ಲ, ನನ್ನದು. ನಕ್ಷೆಯನ್ನು ನಾನೇ ಬರೆದೆ. ಎಂಟಡಿ ಹತ್ತಡಿಯ ಅಂಗಡಿಗಳು, ಒಂದೊಂದಕ್ಕೂ ರೋಲಿಂಗ್ ಷಟರ್, ಮುಂಭಾಗದಲ್ಲಿ ಮೂರಡಿ ಎತ್ತರದ ಕಟ್ಟೆ, ನಡುವೆ ಅಗಲವಾದ ಓಣಿ. ಮೇಲಧಿಕಾರಿಗಳು ಅದನ್ನು ನೋಡಿ ಬೆನ್ನು ತಟ್ಟಿದರು, ನಾನು ಉಬ್ಬಿಹೋದೆ. ಮಾರುಕಟ್ಟೆಗೆ ಹೋಗಿ ಕಂಬಗಳನ್ನು ಎಣಿಸಿದ್ದೆ, ಚರಂಡಿಯನ್ನು ಅಳೆದಿದ್ದೆ, ಆದರೆ ಅಲ್ಲಿ ಕುಳಿತಿದ್ದ ಒಬ್ಬರನ್ನೂ ಒಂದು ಮಾತು ಕೇಳಿರಲಿಲ್ಲ.

ಅಡಿಪಾಯಕ್ಕೆ ಸುಣ್ಣದ ಗುರುತು ಹಾಕಿಸುತ್ತಿದ್ದ ದಿನ ಹೂವು ಮಾರುವ ಅಜ್ಜಿಯೊಬ್ಬರು ಬಂದು, ಬುಟ್ಟಿಯನ್ನು ಕೆಳಗಿಳಿಸಿ, ಬಿಳಿಯ ಗೆರೆಗಳನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿದರು. ಆಮೇಲೆ ಕೇಳಿದರು: "ಅಲ್ಲ ಕಣವ್ವ, ಅಂಗ್ಡಿಗಳೆಲ್ಲ ಪಡುವಣಕ್ಕೆ ಮುಖ ಮಾಡ್ಯಾವಲ್ಲ. ಮಧ್ಯಾಹ್ನ ತಿರುಗಿದ್ರೆ ಬಿಸ್ಲೆಲ್ಲ ಹೂವಿನ ಮ್ಯಾಲೇ. ಸಂಜೆ ಪೂಜೆ ಹೊತ್ಗೆ ಬಾಡಿದ್ ಹೂವ ಯಾರ್ ತಗೋತಾರೆ?" ನನ್ನ ಬಳಿ ಉತ್ತರವಿರಲಿಲ್ಲ. ಅವರು ಅಷ್ಟಕ್ಕೇ ಬಿಡಲಿಲ್ಲ. ಹೂವಿನವರು ಕುಳಿತು ಮೊಳ ಹಾಕುವವರು, ತೊಡೆಯ ಮೇಲೆ ದಾರವಿಟ್ಟು ಕಟ್ಟುವವರು, ಮೂರಡಿ ಕಟ್ಟೆಯ ಹಿಂದೆ ದಿನವಿಡೀ ನಿಂತುಕೊಂಡು ಅದನ್ನು ಹೇಗೆ ಮಾಡುವುದು ಎಂದು ಕೇಳಿದರು. ಕೆಡವಿ ಹಾಕಿದ್ದ ಹಳೆಯ ಮಾರುಕಟ್ಟೆಯಲ್ಲಿ ಮೂಡಣಕ್ಕೆ ಮುಖ ಮಾಡಿದ, ಮೊಣಕಾಲೆತ್ತರದ ಕಲ್ಲಿನ ಜಗಲಿಗಳಿದ್ದದ್ದು ಏಕೆಂದು ನನಗೆ ಆ ಗಳಿಗೆಯಲ್ಲಿ ಹೊಳೆಯಿತು. ಅಷ್ಟು ಹೊತ್ತಿಗೆ ಟೆಂಡರ್ ಆಗಿತ್ತು, ಗುತ್ತಿಗೆದಾರರ ಜನ ಗುದ್ದಲಿ ಹಿಡಿದು ನಿಂತಿದ್ದರು. "ಈಗ ಬದಲಾಯಿಸಲು ಆಗುವುದಿಲ್ಲ ಅಜ್ಜಿ" ಎಂದೆ. ಅವರು ಬುಟ್ಟಿ ಎತ್ತಿಕೊಂಡು ಹೋದರು.

ಕಟ್ಟಡ ಎದ್ದಿತು, ಉದ್ಘಾಟನೆಯೂ ಆಯಿತು. ಹೂವಿನವರು ಆರು ತಿಂಗಳೊಳಗೆ ಒಬ್ಬೊಬ್ಬರಾಗಿ ಹೊರಬಂದು ದೇವಸ್ಥಾನದ ಬೀದಿಯಲ್ಲಿ, ಗೋಡೆಯ ನೆರಳಿನಲ್ಲಿ ಗೋಣಿಚೀಲ ಹಾಸಿಕೊಂಡು ಕುಳಿತರು. ಬಸ್ಸಿಗೆ ದಾರಿ ಬಿಡುತ್ತಿಲ್ಲವೆಂದು ಅವರನ್ನು ಅಲ್ಲಿಂದಲೂ ಎಬ್ಬಿಸಲಾಯಿತು. ನಾನು ಬೆವರು ಸುರಿಸಿ ಬರೆದ ಅಂಗಡಿಗಳು ಈರುಳ್ಳಿ ಗೋದಾಮುಗಳಾದವು. ಮಹಡಿಯ ಮೇಲಿನ ಅಂಗಡಿಗಳಿಗಂತೂ ಬಾಡಿಗೆದಾರರೇ ಸಿಗಲಿಲ್ಲ, ಏಕೆಂದರೆ ಅರ್ಧ ಕಿಲೋ ಬೀನ್ಸ್ ಕೊಳ್ಳಲು ಮೆಟ್ಟಿಲು ಹತ್ತುವ ಗಿರಾಕಿಯನ್ನು ನಾನು ಇಂದಿನವರೆಗೂ ಕಂಡಿಲ್ಲ. ಅಜ್ಜಿ ಎತ್ತಿದ ಪ್ರಶ್ನೆಯನ್ನು ನಾನು ನಾಲ್ಕು ತಿಂಗಳು ಮುಂಚೆ ಕೇಳಿಸಿಕೊಂಡಿದ್ದರೆ ಒಂದು ರಬ್ಬರಿನಿಂದ ಮುಗಿಯುವ ಕೆಲಸವಾಗಿತ್ತು. ನಕ್ಷೆ ಪೆನ್ಸಿಲಿನಲ್ಲಿತ್ತು, ನೋಡಿ.

ಇದಾದ ಕೆಲವು ವರ್ಷಗಳಿಗೆ ಇನ್ನೊಂದು ಊರಿನ ಸಂತೆ ಮೈದಾನದ ಕೆಲಸ ನನ್ನ ಪಾಲಿಗೆ ಬಂದಾಗ ಕಾಗದವನ್ನು ಬದಿಗಿಟ್ಟೆ. ಸಂತೆಯಿಲ್ಲದ ಒಂದು ದಿನ ನಾಲ್ಕು ಚೀಲ ಸುಣ್ಣದ ಪುಡಿ ತರಿಸಿ, ಮಾರುಕಟ್ಟೆಯ ನಕ್ಷೆಯನ್ನು ಅದರ ನಿಜವಾದ ಅಳತೆಯಲ್ಲಿಯೇ ನೆಲದ ಮೇಲೆ ರಂಗೋಲಿಯಂತೆ ಬರೆಸಿ, ವ್ಯಾಪಾರಿಗಳನ್ನೂ ಹಮಾಲರನ್ನೂ ಕರೆಸಿ, ನಿಮ್ಮ ನಿಮ್ಮ ಜಾಗದಲ್ಲಿ ನಿಂತು ನೋಡಿ ಎಂದೆ. ಎತ್ತಿನ ಗಾಡಿಯವನೊಬ್ಬ ಗಾಡಿಯನ್ನೇ ಹೊಡೆದುಕೊಂಡು ಬಂದು ತಿರುಗಿಸಲು ಹೋದ, ಹನ್ನೆರಡಡಿಯ ದಾರಿಯಲ್ಲಿ ಅದು ತಿರುಗಲಿಲ್ಲ. ಕಾಲಿನಿಂದಲೇ ಗೆರೆ ಅಳಿಸಿ ದಾರಿಯನ್ನು ಇಪ್ಪತ್ತಡಿ ಮಾಡಿದೆವು. ಮೀನಿನವರು ತಮ್ಮ ಸಾಲನ್ನು ನೀರಿನ ತೊಟ್ಟಿಯ ಪಕ್ಕಕ್ಕೆ ತಾವೇ ಸರಿಸಿಕೊಂಡರು. ಹೆಣ್ಣುಮಕ್ಕಳು ಶೌಚಾಲಯವನ್ನು ಹಿಂದಿನ ಕತ್ತಲ ಮೂಲೆಯಿಂದ ತೆಗೆಸಿ ದೀಪದ ಕಂಬದ ಬಳಿಗೆ ತರಿಸಿದರು. ಸಂಜೆಯ ಹೊತ್ತಿಗೆ ನನ್ನ ಮೂಲ ನಕ್ಷೆಯಲ್ಲಿ ಅರ್ಧಕ್ಕರ್ಧ ಉಳಿದಿರಲಿಲ್ಲ, ಮತ್ತು ನನ್ನ ಇಡೀ ವೃತ್ತಿಯಲ್ಲಿ ನಾನು ಮಾಡಿದ ಅತ್ಯುತ್ತಮ ನಕ್ಷೆ ಅದೇ.

ನಿಲಯದವರು ಗಡಿಯಾರದ ಕಡೆ ಕೈ ತೋರಿಸುತ್ತಿದ್ದಾರೆ. ಬೆಂಗಳೂರಿನ ಕೈಕೊಂಡ್ರಹಳ್ಳಿ ಕೆರೆಗೆ ಮತ್ತೆ ಜೀವ ತುಂಬುವಾಗ ಸುತ್ತಲಿನ ನಿವಾಸಿಗಳು ಪಾಲಿಕೆಯ ಎಂಜಿನಿಯರುಗಳೊಂದಿಗೆ ಕುಳಿತು ಚರ್ಚಿಸಿದ್ದನ್ನು ವಿಸ್ತಾರವಾಗಿ ಹೇಳಬೇಕೆಂದಿದ್ದೆ, ಆಗುವುದಿಲ್ಲ. ಆದರೆ ಉಕ್ಕಿನ ಮೇಲ್ಸೇತುವೆಯ ವಿಷಯವನ್ನು ಬಿಡಲಾರೆ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಸೇತುವೆ ಕಟ್ಟಲು, ಅದಕ್ಕಾಗಿ 800ಕ್ಕೂ ಹೆಚ್ಚು ಮರಗಳನ್ನು ಕಡಿಯಲು ಸಿದ್ಧತೆಯಾಗಿದ್ದಾಗ, 2016ರ ಅಕ್ಟೋಬರ್ 16ರಂದು ಸಾವಿರಾರು ಜನ ಬೀದಿಗಿಳಿದು ಮಾನವ ಸರಪಳಿ ಕಟ್ಟಿದರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಇದನ್ನು ಜನರ ಗೆಲುವೆಂದು ಎಲ್ಲರೂ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಅಷ್ಟು ತಡವಾಗಿ ಬಂದವರಿಗೆ ಬೇಡ ಎನ್ನಲು ಮಾತ್ರ ಅವಕಾಶ ಉಳಿದಿರುತ್ತದೆ, ಹೀಗೆ ಮಾಡಿ ಎನ್ನಲು ಉಳಿದಿರುವುದಿಲ್ಲ. ಹೆಬ್ಬಾಳದ ದಾರಿಯಲ್ಲಿ ವಾಹನಗಳು ಆಮೇಲೂ ಸಾಲುಗಟ್ಟಿ ನಿಂತೇ ಇದ್ದವು.

ಕಾನೂನು ನಿಮ್ಮ ಕಡೆಗಿದೆ, ಬೇಗ ಬೇಗ ಹೇಳುತ್ತೇನೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಊರಿನ ಮಹಾಯೋಜನೆಯನ್ನು, ಅಂದರೆ ಮಾಸ್ಟರ್ ಪ್ಲಾನನ್ನು, ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಲೇಬೇಕು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯ ಪ್ರಕಾರ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಬೀದಿ ವ್ಯಾಪಾರದ ಜಾಗಗಳ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಶೇಕಡಾ 40 ಮಂದಿ ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರು. ಆ ಅಜ್ಜಿಯ ಕಾಲದಲ್ಲಿ ಈ ಕಾಯ್ದೆ ಇರಲಿಲ್ಲ, ಈಗಿದೆ. ನಿಮ್ಮ ವಾರ್ಡ್ ಸಮಿತಿಯ ಸಭೆ ಯಾವಾಗ ನಡೆಯುತ್ತದೆ ಎಂದು ಕೇಳಿದರೆ ನಿಮ್ಮಲ್ಲಿ ಎಷ್ಟು ಜನ ಉತ್ತರಿಸಬಲ್ಲಿರಿ? ಕೋಪಿಸಿಕೊಳ್ಳಬೇಡಿ. ಮರಕ್ಕೆ ಕೊಡಲಿ ಬಿದ್ದ ದಿನ ನನಗೆ ಫೋನ್ ಮಾಡಿ, ಮೇಡಂ ಏನಾದರೂ ಮಾಡಿ ಎನ್ನುವವರನ್ನು ಇಷ್ಟು ವರ್ಷ ಕೇಳಿಸಿಕೊಂಡವಳ ಬೇಸರ ಇದು.

ಹಾಗಾದರೆ ಮಾಡಬೇಕಾದದ್ದು ಇಷ್ಟು. ನಿಮ್ಮ ಊರಿನಲ್ಲಿ ಮಾರುಕಟ್ಟೆಯೋ ನಿಲ್ದಾಣವೋ ಹೊಸದಾಗುತ್ತದಂತೆ ಎಂಬ ಸುದ್ದಿ ಕಿವಿಗೆ ಬಿದ್ದ ವಾರವೇ ಪುರಸಭೆಗೆ ಹೋಗಿ, ಕರಡು ನಕ್ಷೆ ಎಲ್ಲಿದೆ, ಆಕ್ಷೇಪಣೆಗೆ ಕೊನೆಯ ದಿನ ಯಾವುದು ಎಂದು ಕೇಳಿ. ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ, 30 ದಿನಗಳೊಳಗೆ ಉತ್ತರ ಕೊಡಬೇಕು. ಒಬ್ಬರೇ ಹೋಗಬೇಡಿ, ಹೂವಿನವರನ್ನೂ ಹಮಾಲರನ್ನೂ ಕರೆದುಕೊಂಡು ಹೋಗಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಎರಡು ಪ್ರತಿ ಬರೆದು ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಮೊಹರು ಮತ್ತು ತಾರೀಖು ಹಾಕಿಸಿಕೊಂಡೇ ಬನ್ನಿ. ನಮಸ್ಕಾರ.