ಬಂಪರಿನ ಕರಿ ಹಗ್ಗ ವೆನಿಸ್‌ಗೆ ಹೋದದ್ದು

ಹೋದ ವಾರ ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಹೋಗಿ, "ಕೂದಲಿನ ಹಗ್ಗ ಇದೆಯಾ ಅಣ್ಣ?" ಅಂತ ಕೇಳಿದೆ. "ಲಾರಿಗಾ, ಕಾರಿಗಾ?" ಅಂದ್ರು. ಸುಮ್ಮನೆ ನೋಡೋಕೆ ಅಂದ್ರೆ ಬೈಸ್ಕೋಬೇಕಾಗುತ್ತೆ. "ಕಾರಿಗೆ" ಅಂದುಬಿಟ್ಟೆ. ನನ್ನ ಹತ್ರ ಇರೋದು ಸ್ಕೂಟರು.

ಕೈಗೆ ಕೊಟ್ಟಿದ್ದು ಕರೀ ಹಗ್ಗದ ಒಂದು ಸಿಂಬಿ. ದೂರದಿಂದ ಮೆತ್ತಗೆ ಕಾಣುತ್ತೆ. ಹಿಡಿದ್ರೆ ಹುರಿಯಿಂದ ಎದ್ದ ತುಂಡುಗೂದಲು ಅಂಗೈಗೆ ಚುಚ್ಚುತ್ತೆ. ಮನುಷ್ಯರ ಕೂದಲು. ಯಾರೋ ಹರಕೆ ಹೊತ್ತು ಮುಡಿ ಕೊಟ್ಟಿದ್ದು, ಇನ್ಯಾರದೋ ಗಾಡಿಗೆ ದೃಷ್ಟಿ ತಾಗದಿರಲಿ ಅಂತ ಬಂಪರಿಗೆ ಬಂದು ಕೂರುತ್ತೆ.

ಕಲಾವಿದೆ ಶೀಲಾ ಗೌಡ ಇಂಥ ಹಗ್ಗವನ್ನ 2009ರಲ್ಲಿ ವೆನಿಸ್ ಬಿನಾಲೆಗೆ, ಅಂದ್ರೆ ಇಟಲಿಯ ಆ ದೊಡ್ಡ ಕಲಾ ಪ್ರದರ್ಶನಕ್ಕೆ ಒಯ್ದರು. ಸುಮಾರು 4,000 ಮೀಟರ್. ಮೆಜೆಸ್ಟಿಕ್‌ನಲ್ಲಿ ಒಂದು ತುದಿ ಕಟ್ಟಿದ್ರೆ ಇನ್ನೊಂದು ತುದಿ ಲಾಲ್‌ಬಾಗ್ ಆಸುಪಾಸು ಬೀಳುತ್ತೆ! ಜೊತೆಗೆ ಇಪ್ಪತ್ತರಷ್ಟು ಸ್ಟೀಲ್ ಬಂಪರುಗಳು. ರಸ್ತೆಯಲ್ಲಿ ಬಂಪರು ಹಗ್ಗವನ್ನ ಹೊರುತ್ತೆ, ಅಲ್ಲಿ ಕೂದಲೇ ಬಂಪರನ್ನ ಎತ್ತಿ ಹಿಡಿದಿತ್ತು. 'ಬಿಹೋಲ್ಡ್' ಅಂತ ಅದರ ಹೆಸರು. ಈಗ ಲಂಡನ್ನಿನ ಟೇಟ್ ಕಲಾ ಮ್ಯೂಸಿಯಂನ ಸಂಗ್ರಹದಲ್ಲಿದೆ.

"ಅಯ್ಯೋ, ಇರೋದನ್ನ ತಂದಿಟ್ರೆ ಕಲೆನಾ?" ಇನ್‌ಸ್ಟಲೇಶನ್, ಅಂದ್ರೆ ವಸ್ತುಗಳನ್ನೇ ಜೋಡಿಸಿ ಜಾಗ ತುಂಬೋ ಕಲೆ, ಅಂದ ಕೂಡಲೇ ಈ ಮಾತು ಬರುತ್ತೆ. ಎಷ್ಟೋ ಸಲ ನಾನೂ ಇದೇ ಮಾತು ಆಡಿದ್ದೀನಿ. ಕೆಲವು ಗ್ಯಾಲರಿಗಳಲ್ಲಿ ಆ ಮಾತು ನಿಜವೂ ಹೌದು. ಆದ್ರೆ ಇವರ 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್' ನೋಡಿ. ಒಂದು ಸೂಜಿ, ಅದರ ಕಣ್ಣಿಗೆ ದಾರ. ಆ ದಾರ ನೂರು ಮೀಟರಿಗೂ ಉದ್ದ. ಅರ್ಧಕ್ಕೆ ಬರೋತನಕ ಎಳೀಬೇಕು. ಆಮೇಲೆ ಇನ್ನೊಂದು ಸೂಜಿ, ಮತ್ತೊಂದು. ಎಲ್ಲ ದಾರ ಒಟ್ಟುಮಾಡಿ, ಅಂಟು ಕಲಸಿದ ಕುಂಕುಮ ಬಳಿದು, ಒಂದು ಹುರಿ. ನೆಲದ ಮೇಲೆ, ಗೋಡೆ ಮೇಲೆ ಕರುಳಿನ ಹಾಗೆ ಹರಿದು ಬಂದ ಕೆಂಪು ಹುರಿಯ ತುದಿಯಲ್ಲಿ ಆ ಸೂಜಿಗಳೆಲ್ಲ ಗೊಂಚಲಾಗಿ ನೇತಾಡ್ತವೆ. ಹೆಂಗಸರ ದಿನಗಳು ಎಲ್ಲಿ ಸವೆದು ಹೋಗ್ತವೆ ಅನ್ನೋದನ್ನ ಪಕ್ಕದ ಬೋರ್ಡು ಓದದೇನೇ ಅರ್ಥಮಾಡ್ಕೋಬಹುದು.

ಶೀಲಾ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ಕಲಿತಿದ್ದು ಪೇಂಟಿಂಗು. ಮನುಷ್ಯರ ಆಕೃತಿಗಳನ್ನ ಚೆನ್ನಾಗೇ ಬರೀತಿದ್ರು. 1992ರ ಡಿಸೆಂಬರ್‌ನಲ್ಲಿ ಬಾಬ್ರಿ ಮಸೀದಿ ಉರುಳಿದ್ದು, ಆಮೇಲಿನ ಮುಂಬೈ ಗಲಭೆ. ಆ ಹೊತ್ತಿಗೆ ಎಣ್ಣೆಬಣ್ಣ ಸಾಲದಾಯ್ತು, ಸಗಣಿಗೆ ಕೈ ಹಾಕಿದ್ರು. ಅಂಗಳ ಸಾರಿಸೋ ಸಗಣಿ, ಬೆರಣಿ ತಟ್ಟೋ ಸಗಣಿ, ಪೂಜೆಗೂ ಬೇಕಾಗೋ ಸಗಣಿ. ಅಷ್ಟು ವರ್ಷ ಕಷ್ಟಪಟ್ಟು ಕಲಿತ ಕುಂಚವನ್ನ ಪಕ್ಕಕ್ಕಿಡೋದಕ್ಕೆ ಎಷ್ಟು ಗುಂಡಿಗೆ ಬೇಕು ಹೇಳಿ.

2006ರ 'ಡಾರ್ಕ್‌ರೂಮ್' ಅಂತೂ ಡಾಂಬರು ಡ್ರಮ್ಮುಗಳದ್ದು. ರಸ್ತೆ ಕೆಲಸದವರು ಡ್ರಮ್ಮನ್ನ ಬಿಚ್ಚಿ, ತಗಡು ಮಾಡಿ ಗುಡಿಸಲು ಕಟ್ಕೊಳ್ತಾರಲ್ಲ, ಅದೇ. ಒಳಗೆ ಕತ್ತಲು. ತಲೆ ಎತ್ತಿದ್ರೆ ಚಾವಣಿಯಲ್ಲಿ ಸಣ್ಣ ಸಣ್ಣ ತೂತು, ಬೆಳಕು ಇಳಿದು ನಕ್ಷತ್ರದ ಹಾಗೆ. ನನ್ನ ಮಟ್ಟಿಗೆ ಬಿಹೋಲ್ಡ್‌ಗಿಂತ ಇದು ಒಂದು ಕೈ ಮೇಲು.

ಈಗ ನನ್ನ ತಕರಾರಿಗೆ ಬರ್ತೀನಿ. ಕೆನ್ ಶಾಲೆ ಕಟ್ಟಿದ್ದು ಬಾದಾಮಿ ಕಡೆಯ ಆರ್.ಎಂ. ಹಡಪದ್ ಮೇಷ್ಟ್ರು. ಅವರು ಪೇಂಟರ್. ಶಿಷ್ಯೆ ಹೋಗಿದ್ದು ಸಗಣಿಗೆ, ಕೂದಲಿಗೆ, ಡಾಂಬರಿಗೆ. ಕಲಾಶಿಕ್ಷಣ ಅಂದ್ರೆ ನನಗೆ ಇದೇ. ನಮ್ಮಲ್ಲಿ ಕಲಾಶಾಲೆಗಳ ವರ್ಷಾಂತ್ಯದ ಪ್ರದರ್ಶನಕ್ಕೆ ಹೋಗಿ ನೋಡಿ. ಒಂದೇ ನೀಲಿ, ಒಂದೇ ಕುದುರೆ, ಒಂದೇ ಓರೆಗಣ್ಣಿನ ಹೆಂಗಸು. ಹುಡುಗರ ಹೆಸರು ಬೇರೆ ಬೇರೆ, ಕೈ ಮಾತ್ರ ಮೇಷ್ಟ್ರದ್ದೇ. ಮಾರ್ಕ್ಸ್ ಹಾಕೋರೂ ಅವರೇ ಆದಾಗ ಹುಡುಗರು ಇನ್ನೇನು ಮಾಡ್ಯಾರು ಪಾಪ!

ಗೋಡೆ ಮೇಲಿನ ಚಿತ್ರ ನೋಡಿ ಮೇಷ್ಟ್ರು ಯಾರು ಅಂತ ಊಹಿಸೋ ಆಟ ನಾನೂ ನನ್ನ ಗೆಳೆಯನೂ ಆಡ್ತೀವಿ, ಹೆಚ್ಚು ಸಲ ಗೆಲ್ತೀವಿ. ಆ ಕುಂಕುಮದ ಹುರಿ, ಆ ಸೂಜಿಗೊಂಚಲು ನೋಡಿ ಹಡಪದರ ಹೆಸರು ಹೇಳೋದು ನಮ್ಮ ಕೈಲಾಗ್ತಿರಲಿಲ್ಲ.